ಬಿಸಿಯೂಟದಿಂದ ಮಕ್ಕಳಿಗೆ ನಿಜಕ್ಕೂ ಏನು ಸಿಗುತ್ತದೆ?

ಪ್ರಶ್ನೆ: ನಾವು ಜಗಳೂರು ತಾಲ್ಲೂಕಿನ ಹಳ್ಳಿಯವರು. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಮಗನಿಗೆ ಆರು, ಒಂದನೇ ಕ್ಲಾಸು. ಇಬ್ಬರೂ ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಮಧ್ಯಾಹ್ನ ಅಲ್ಲೇ ಊಟ ಇರುತ್ತದಲ್ಲ ಅಂತ ಬೆಳಿಗ್ಗೆ ಟೀ, ಬನ್ನು ಕೊಟ್ಟು ಕಳಿಸುತ್ತೇನೆ. ಮೊಟ್ಟೆ ಕೊಡುವ ದಿನ ಮಗಳು ಬಾಳೆಹಣ್ಣೇ ಬೇಕು ಅನ್ನುತ್ತಾಳೆ. ಅಲ್ಲಿನ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆ ಅಂತ ನಮ್ಮತ್ತೆ ಹೇಳುತ್ತಾರೆ. ಮೈದುನ, "ಬಿಟ್ಟಿ ಊಟ ಹಾಕಿ ಪಾಠ ಮರೆಸುತ್ತಾರೆ, ದಾವಣಗೆರೆ ಕಾನ್ವೆಂಟಿಗೆ ಹಾಕಿ" ಅನ್ನುತ್ತಾನೆ. ಈ ಊಟದಿಂದ ಮಕ್ಕಳ ಮೈಗೆ, ಓದಿಗೆ ನಿಜಕ್ಕೂ ಉಪಯೋಗ ಇದೆಯಾ?

ಉತ್ತರ: ಇದೆ ತಂಗಿ, ಚೆನ್ನಾಗಿಯೇ ಇದೆ. ಆದರೆ ಒಂದು ಷರತ್ತಿನ ಮೇಲೆ. ಶಾಲೆಯ ಊಟ ಮನೆ ಊಟದ ಜೊತೆಗೆ ಸೇರಬೇಕು, ಮನೆ ಊಟವನ್ನು ಕಳೆಯಬಾರದು. ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಚಿಂತೆ ಆಗಿದ್ದು ಅಕ್ಕಿಯ ಬಗ್ಗೆ ಅಲ್ಲ, ಬೆಳಗಿನ ಟೀ-ಬನ್ನಿನ ಬಗ್ಗೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಸರ್ಕಾರದ ಲೆಕ್ಕದಲ್ಲಿ ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇಷ್ಟೂ ಸರಿಯಾಗಿ ತಟ್ಟೆಗೆ ಬಂದರೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗುತ್ತದೆ. ನಿಮ್ಮ ಮಗಳ ವಯಸ್ಸಿಗೆ ದಿನಕ್ಕೆ ಬೇಕಾಗಿರುವುದು ಸುಮಾರು 1,700 ಕ್ಯಾಲೊರಿ, 23 ಗ್ರಾಂ ಪ್ರೋಟೀನ್. ಮಗನಿಗೆ ಸುಮಾರು 1,360 ಕ್ಯಾಲೊರಿ, 16 ಗ್ರಾಂ ಪ್ರೋಟೀನ್. ಅಂದರೆ ಮಗಳಿಗೆ ಬೇಕಾದ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಪ್ರೋಟೀನಿನಲ್ಲಿ ಅರ್ಧದಷ್ಟು ಶಾಲೆಯಲ್ಲೇ ಸಿಗುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಉಳಿದ ಮುಕ್ಕಾಲು ಪಾಲು ಶಕ್ತಿ ಮನೆಯಿಂದಲೇ ಬರಬೇಕು. ಬೆಳಗಿನ ಊಟವನ್ನು ಟೀ-ಬನ್ನಿಗೆ ಇಳಿಸಿದರೆ ಶಾಲೆ ಕೊಟ್ಟದ್ದರಲ್ಲಿ ಅರ್ಧವನ್ನು ನಾವೇ ಕಿತ್ತುಕೊಂಡ ಹಾಗೆ.

ಮಧ್ಯಪ್ರದೇಶದಲ್ಲಿ ಇದನ್ನೇ ಹತ್ತಿರದಿಂದ ನೋಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಶಾಲೆ ಇರುವ ದಿನ ಮಗು ಏನೇನು ತಿಂದಿತು, ಶಾಲೆ ಇಲ್ಲದ ದಿನ ಏನು ತಿಂದಿತು ಅಂತ ಅಲ್ಲಿ ಹೋಲಿಸಿ ನೋಡಿದರು. ಬಹುತೇಕ ಮನೆಗಳಲ್ಲಿ "ಅಲ್ಲಿ ತಿಂದಿದೆಯಲ್ಲ" ಅಂತ ಮಗುವಿನ ಪಾಲು ಕಡಿಮೆ ಮಾಡಿರಲಿಲ್ಲ. ಹಾಗಾಗಿ ಶಾಲೆಯ ಊಟ ಪೂರ್ತಿ ಲಾಭವಾಗಿ ಉಳಿಯಿತು. ಆ ಮಕ್ಕಳ ಪ್ರೋಟೀನ್ ಕೊರತೆ ತುಂಬಿತು, ಕ್ಯಾಲೊರಿ ಕೊರತೆ ಸುಮಾರು ಶೇ 30ರಷ್ಟು ಇಳಿಯಿತು. ಕಬ್ಬಿಣದ ಕೊರತೆ ಮಾತ್ರ ಸುಮಾರು ಶೇ 10ರಷ್ಟೇ ಇಳಿಯಿತು. ಈ ಕೊನೆಯ ಅಂಕಿ ನೆನಪಿರಲಿ, ರಕ್ತಹೀನತೆಯ ಮಾತಿಗೆ ಬಂದಾಗ ಬೇಕಾಗುತ್ತದೆ.

ಹಾಗಾದರೆ ಬೆಳಿಗ್ಗೆ ಏನು ಕೊಡಬೇಕು? ಹೊಸದೇನೂ ಬೇಡ. ಹಿಂದಿನ ರಾತ್ರಿ ಉಳಿದ ರಾಗಿಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕೊಡಿ. ರೊಟ್ಟಿ-ಪಲ್ಯ ಇದ್ದರೆ ಇನ್ನೂ ಒಳ್ಳೆಯದು. ಅದೂ ಆಗದಿದ್ದರೆ ಮಂಡಕ್ಕಿಗೆ ಒಂದು ಹಿಡಿ ಹುರಿದ ಶೇಂಗಾ, ಒಂದಿಷ್ಟು ಹುರಿಗಡಲೆ ಸೇರಿಸಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಸುಣ್ಣದಂಶ ಇದೆ, ಅಕ್ಕಿಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಶಾಲೆಯಲ್ಲಿ ಹೇಗೂ ಅಕ್ಕಿ ಸಿಗುತ್ತದೆ, ಮನೆಯಲ್ಲಿ ರಾಗಿ ಬಿಡಬೇಡಿ. ಟೀ ಮಾತ್ರ ನಿಲ್ಲಿಸಿ. ಊಟದ ಜೊತೆ ಕುಡಿದ ಟೀ ಕಬ್ಬಿಣದಂಶ ಮೈಗೆ ಹತ್ತದ ಹಾಗೆ ತಡೆಯುತ್ತದೆ. ಆರು ವರ್ಷದ ಮಗುವಿಗೆ ಅದರಿಂದ ಸಿಗುವುದು ಬರೀ ಸಕ್ಕರೆ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಇದ್ದೇ ಇದೆ. 2013ರ ಆಗಸ್ಟ್‌ನಿಂದ 150 ಮಿಲಿಲೀಟರ್ ಹಾಲು ಕೊಡುತ್ತಿದ್ದಾರೆ, ಈಚೆಗೆ ವಾರದಲ್ಲಿ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಕೂಡ ಬೆರೆಸುತ್ತಾರೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ ಅಲ್ವಾ? ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮಕ್ಕಳಿಗೆ ಸುಣ್ಣದಂಶ ಚೆನ್ನಾಗಿ ಸಿಕ್ಕರೆ ಫ್ಲೋರೈಡ್ ಮೈಗೆ ಹತ್ತುವುದು ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಹಾಗಂತ ಶುದ್ಧ ನೀರಿನ ಘಟಕದ ನೀರು ತರುವುದನ್ನು ಬಿಡಬೇಡಿ.

ಇನ್ನು ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಒಳ್ಳೆಯ ಗುಣಮಟ್ಟದ ಪ್ರೋಟೀನ್ ಇದೆ. ಬಾಳೆಹಣ್ಣಿನಲ್ಲಿ ಇರುವುದು ಒಂದು ಗ್ರಾಂ. ಶಾಲೆಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟು ಕೊಡುವುದರಿಂದ ಎರಡೂ ಸಮ ಅಂತ ತಂದೆತಾಯಿ ತಿಳಿದುಕೊಳ್ಳುತ್ತಾರೆ. ಸಮ ಅಲ್ಲ. ಮೊಟ್ಟೆ ತಿನ್ನದ ಮನೆತನದವರು ಬಾಳೆಹಣ್ಣು ತೆಗೆದುಕೊಳ್ಳಲಿ, ಅದು ಅವರ ಹಕ್ಕು. ಅಂಥವರು ಮನೆಯಲ್ಲಿ ಶೇಂಗಾ, ಹುರುಳಿಕಾಳು, ಅಲಸಂದೆ, ಮೊಸರು ಜಾಸ್ತಿ ಕೊಡಬೇಕು. ನೀವು ಮೊಟ್ಟೆ ತಿನ್ನುವವರೇ ಆಗಿದ್ದರೆ ಮಗಳನ್ನು ಕೂರಿಸಿಕೊಂಡು ಯಾಕೆ ಬೇಡ ಅಂತ ಕೇಳಿ. ಎಷ್ಟೋ ಸಲ ಕಾರಣ ರುಚಿಯಲ್ಲ. ಪಕ್ಕದಲ್ಲಿ ಕೂರುವ ಗೆಳತಿ ತಿನ್ನುವುದಿಲ್ಲ, ಅಥವಾ "ವಾಸನೆ" ಅಂತ ಯಾರೋ ಮೂಗು ಮುಚ್ಚಿಕೊಂಡಿರುತ್ತಾರೆ. ಎಂಟು ವರ್ಷದ ಹುಡುಗಿಗೆ ಅಷ್ಟು ಸಾಕು. 2024ರ ಸೆಪ್ಟೆಂಬರ್‌ನಿಂದ ನಮ್ಮ ರಾಜ್ಯದಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. ಎರಡು ದಿನದ್ದು ಸರ್ಕಾರದ ಖರ್ಚು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. ವಾರಕ್ಕೆ ಆರು ಮೊಟ್ಟೆ ಅಂದರೆ 36 ಗ್ರಾಂ ಪ್ರೋಟೀನ್. ಮಳೆ ಕೈಕೊಟ್ಟ ವರ್ಷದಲ್ಲಿ ನಮ್ಮ ಎಷ್ಟು ಮನೆಗಳಲ್ಲಿ ಒಂದು ಮಗುವಿಗೆ ವಾರಕ್ಕೆ ಆರು ಮೊಟ್ಟೆ ಸಿಗುತ್ತವೆ, ನೀವೇ ಹೇಳಿ.

ಅತ್ತೆಯವರ ಪ್ಲಾಸ್ಟಿಕ್ ಅಕ್ಕಿ ಬಗ್ಗೆ ಹೇಳುವುದಾದರೆ, ಅವರು ಕಂಡದ್ದು ಸುಳ್ಳಲ್ಲ. ಅಕ್ಕಿ ತೊಳೆಯುವಾಗ ಕೆಲವು ಕಾಳು ಮೇಲೆ ತೇಲುತ್ತವೆ, ಬಣ್ಣವೂ ಸ್ವಲ್ಪ ಬೇರೆ. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆ್ಯಸಿಡ್, ಬಿ12 ಜೀವಸತ್ವ ಬೆರೆಸಿ, ಮತ್ತೆ ಅಕ್ಕಿಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಮಾಮೂಲಿ ಅಕ್ಕಿಯಲ್ಲಿ ಬೆರೆಸುತ್ತಾರೆ. ಒತ್ತಿ ಮಾಡಿದ ಕಾಳಾದ್ದರಿಂದ ತೇಲುತ್ತದೆ. ರೇಷನ್ ಅಂಗಡಿಯಲ್ಲೂ ಇಂಥ ಅಕ್ಕಿ ಕೊಟ್ಟಿದ್ದಾರೆ. ಆ ಕಾಳುಗಳನ್ನು ಆರಿಸಿ ಎಸೆಯುವುದು, ತೊಳೆದ ನೀರಿನ ಜೊತೆ ಚೆಲ್ಲುವುದು ಬೇಡ. ಗಂಜಿ ಬಸಿದು ಚೆಲ್ಲುವುದೂ ಬೇಡ. ಅಷ್ಟು ಖರ್ಚು ಮಾಡಿ ಸೇರಿಸಿದ ಸತ್ವವೆಲ್ಲ ಮೋರಿ ಪಾಲಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಮೈಗೆ ಮತ್ತು ಓದಿಗೆ ಏನು ಉಪಯೋಗ ಅಂತ.

ಮೊದಲು ಮೈ. ಬಿಸಿಯೂಟದಿಂದ ಮಗು ಸರ್ರನೆ ಎತ್ತರ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎತ್ತರದ ಕೊರತೆ ಬಹಳಷ್ಟು ಶುರುವಾಗುವುದು ತಾಯಿಯ ಹೊಟ್ಟೆಯಲ್ಲಿ ಮತ್ತು ಹುಟ್ಟಿದ ಮೊದಲ ಎರಡು ವರ್ಷದಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಆ ಕೊರತೆ ಹೊತ್ತುಕೊಂಡೇ ಮಗು ಒಂದನೇ ಕ್ಲಾಸಿಗೆ ಬರುತ್ತದೆ. ಶಾಲೆಯ ಊಟ ಅದನ್ನು ಪೂರ್ತಿ ಸರಿಮಾಡಲಾರದು. ಆದರೆ ಅಲ್ಲಿಂದ ಮುಂದೆ ಇನ್ನಷ್ಟು ಕೆಳಗೆ ಇಳಿಯದ ಹಾಗೆ ಹಿಡಿದು ನಿಲ್ಲಿಸಬಲ್ಲದು.

ಇದಕ್ಕೆ ನಮ್ಮ ಪಕ್ಕದಲ್ಲೇ ಒಳ್ಳೆಯ ಉದಾಹರಣೆ ಇದೆ. ಅವಿಭಜಿತ ಆಂಧ್ರದಲ್ಲಿ, ಮೊಳಕಾಲ್ಮೂರು-ಚಳ್ಳಕೆರೆಯ ಗಡಿಗೆ ಹೊಂದಿಕೊಂಡ ಅನಂತಪುರ ಜಿಲ್ಲೆಯೂ ಸೇರಿದಂತೆ, ಒಂದಷ್ಟು ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದರು. ಎಳೆಯ ವಯಸ್ಸಿನಲ್ಲಿ ಬರ ಕಂಡ ಮಕ್ಕಳ ತೂಕ, ಎತ್ತರ ಎರಡೂ ಕುಗ್ಗಿತ್ತು. ಅವರಲ್ಲಿ ಬಿಸಿಯೂಟ ಸಿಕ್ಕ ಮಕ್ಕಳು ಮತ್ತೆ ಚೇತರಿಸಿಕೊಂಡರು. ಬರ ಮಾಡಿದ ಹಾನಿಯನ್ನು ಮಧ್ಯಾಹ್ನದ ಆ ತಟ್ಟೆ ಬಹುಮಟ್ಟಿಗೆ ತುಂಬಿಕೊಟ್ಟಿತು. ಅಲ್ಲಿನದೂ ನಮ್ಮದೂ ಒಂದೇ ಮಣ್ಣು, ಒಂದೇ ಶೇಂಗಾ ಬೆಳೆ, ಒಂದೇ ರೀತಿ ಕೈಕೊಡುವ ಮಳೆ. ಶೇಂಗಾ ಹೋದ ವರ್ಷ ಅಪ್ಪ-ಅಮ್ಮ ಕೂಲಿ ಹುಡುಕಿಕೊಂಡು ಬೆಂಗಳೂರಿಗೋ ಚಿಕ್ಕಮಗಳೂರಿನ ತೋಟಗಳಿಗೋ ಗುಳೆ ಹೋಗುತ್ತಾರೆ. ಮಗು ಅಜ್ಜಿ ಜೊತೆ ಉಳಿಯುತ್ತದೆ. ಅಜ್ಜಿಗೆ ಒಂದು ಹೊತ್ತು ಒಲೆ ಹಚ್ಚುವುದೇ ಕಷ್ಟ. ಅಂಥ ಮಗುವಿಗೆ ಆ ದಿನದ ಸರಿಯಾದ ಊಟ ಶಾಲೆಯದೊಂದೇ. ಬಿಸಿಯೂಟದ ಲಾಭ ಎಲ್ಲ ಮಕ್ಕಳಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. ಯಾರ ಮನೆಯಲ್ಲಿ ಕಡಿಮೆ ಇದೆಯೋ ಅವರಿಗೆ ಜಾಸ್ತಿ ಸಿಗುತ್ತದೆ. ಹಾಗೇ ಆಗಬೇಕು ಕೂಡ.

ಬೇಸಿಗೆ ರಜೆಯಲ್ಲೂ ಇದು ನೆನಪಿರಲಿ. ಬರಪೀಡಿತ ಅಂತ ಘೋಷಣೆಯಾದ ಕಡೆ ರಜೆಯಲ್ಲೂ ಊಟ ಕೊಡಬೇಕು ಅಂತ 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2024ರ ಬೇಸಿಗೆಯಲ್ಲಿ ನಮ್ಮ ರಾಜ್ಯದಲ್ಲಿ ಹಾಗೆ ಕೊಟ್ಟರು. ರಜೆ ಅಲ್ವಾ ಅಂತ ಸುಮ್ನೆ ಬಿಡಬೇಡಿ, ನಿಮ್ಮ ತಾಲ್ಲೂಕು ಬರಪಟ್ಟಿಯಲ್ಲಿದ್ದರೆ ಶಾಲೆಗೆ ಹೋಗಿ ವಿಚಾರಿಸಿ.

ಓದಿನ ವಿಷಯ. ಹಸಿದ ಮಗು ಗಲಾಟೆ ಮಾಡುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಅದಕ್ಕೇ ಎಷ್ಟೋ ಮೇಷ್ಟ್ರುಗಳಿಗೆ ಅದು ಗೊತ್ತಾಗುವುದಿಲ್ಲ. ಬೋರ್ಡ್ ನೋಡುತ್ತಿರುತ್ತದೆ, ತಲೆಗೆ ಏನೂ ಹೋಗುತ್ತಿರುವುದಿಲ್ಲ. ಬಿಸಿಯೂಟ ಬರುವ ಮುಂಚೆ ನಮ್ಮ ಹಟ್ಟಿ, ತಾಂಡಾ, ತೋಟದ ಮನೆಗಳ ಮಕ್ಕಳು ಮಧ್ಯಾಹ್ನ ಊಟಕ್ಕೆ ಅಂತ ಹೋದರೆ ತಿರುಗಿ ಬರುವುದು ಕಷ್ಟವಿತ್ತು. ಮಧ್ಯಾಹ್ನದ ಮೇಲಿನ ಶಾಲೆ ಅರ್ಧ ಖಾಲಿ.

ನಮ್ಮ ದೇಶದ ಗ್ರಾಮೀಣ ಮಕ್ಕಳ ಓದು-ಲೆಕ್ಕದ ಪರೀಕ್ಷೆಗಳನ್ನು ಇಟ್ಟುಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನ 2019ರಲ್ಲಿ ಬಂತು. ಬೇರೆ ಬೇರೆ ರಾಜ್ಯಗಳಲ್ಲಿ ಬಿಸಿಯೂಟ ಬೇರೆ ಬೇರೆ ವರ್ಷ ಶುರುವಾಯಿತಲ್ಲ, ಅದರಿಂದ ಹೋಲಿಕೆ ಸಾಧ್ಯವಾಯಿತು. ಒಂದು ವರ್ಷಕ್ಕಿಂತ ಕಡಿಮೆ ಊಟ ಸಿಕ್ಕ ಮಕ್ಕಳಿಗಿಂತ ಐದು ವರ್ಷದವರೆಗೆ ಸಿಕ್ಕ ಮಕ್ಕಳ ಓದುವ ಅಂಕ ಶೇ 18ರಷ್ಟು, ಲೆಕ್ಕದ ಅಂಕ ಶೇ 9ರಷ್ಟು ಹೆಚ್ಚಿತ್ತು. ಇಲ್ಲಿ ಗಮನಿಸಬೇಕಾದ್ದು ಆ ಐದು ವರ್ಷ. ಒಂದು ತಿಂಗಳಲ್ಲಿ ಫಲ ಕಾಣುವುದಿಲ್ಲ. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ ತಪ್ಪದೆ ತಿಂದರೆ ಕಾಣುತ್ತದೆ.

ನಿಮ್ಮ ಮೈದುನರ ಮಾತಿನಲ್ಲಿ ಅರ್ಧ ಸತ್ಯ ಇದೆ. ಗ್ಯಾಸ್ ತರಿಸುವುದು, ತರಕಾರಿ ಬಿಲ್ಲು, ಮೊಟ್ಟೆ ಲೆಕ್ಕ, ಆನ್‌ಲೈನ್ ಹಾಜರಿ, ಎಲ್ಲಾ ಮುಖ್ಯಶಿಕ್ಷಕರ ತಲೆ ಮೇಲೆ ಬಿದ್ದ ಶಾಲೆಗಳಲ್ಲಿ ಪಾಠಕ್ಕೆ ಹೊಡೆತ ಬೀಳುತ್ತದೆ. ಅದರಲ್ಲೂ ಇಬ್ಬರೇ ಮೇಷ್ಟ್ರು ಇರುವ ಶಾಲೆಗಳಲ್ಲಿ. ಕೆನ್ಯಾ ದೇಶದ ಶಿಶುವಿಹಾರಗಳಲ್ಲಿ ಬೆಳಗಿನ ಉಪಾಹಾರ ಕೊಟ್ಟು ನೋಡಿದಾಗ ಹಾಜರಾತಿ ಎಲ್ಲಾ ಕಡೆ ಏರಿತು, ಆದರೆ ಕಲಿಕೆ ಏರಿದ್ದು ಚೆನ್ನಾಗಿ ತರಬೇತಿ ಪಡೆದ ಶಿಕ್ಷಕರಿದ್ದ ಕಡೆ ಮಾತ್ರ. ಊಟ ಮಗುವನ್ನು ಶಾಲೆಗೆ ಕರೆತರುತ್ತದೆ, ಎಚ್ಚರವಾಗಿ ಕೂರಿಸುತ್ತದೆ. ಕಲಿಸುವ ಕೆಲಸ ಅದರದ್ದಲ್ಲ. ಹಾಗಾಗಿ ಮೈದುನರು ಊಟದ ಮೇಲೆ ಸಿಟ್ಟಾಗುವುದು ಬೇಡ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಬಂದು, ಖಾಲಿ ಇರುವ ಶಿಕ್ಷಕರ ಹುದ್ದೆಗೆ ಅತಿಥಿ ಶಿಕ್ಷಕರು ಯಾಕೆ ಬಂದಿಲ್ಲ ಅಂತ ಕೇಳಲಿ. ಕಾನ್ವೆಂಟಿಗೆ ಹಾಕುವುದು ಬಿಡುವುದು ನಿಮ್ಮ ತೀರ್ಮಾನ. ಹಾಕುವುದಾದರೆ ಬೆಳಿಗ್ಗೆ ಏಳೂವರೆಗೆ ತುಂಬಿದ ಡಬ್ಬಿಯಲ್ಲಿ ಬೇಳೆ, ಕಾಳು, ಮೊಟ್ಟೆ ದಿನಾ ಇರಲು ಸಾಧ್ಯವಾ ಅಂತಲೂ ಲೆಕ್ಕ ಹಾಕಿ. ಬರೀ ಚಿತ್ರಾನ್ನ, ಚಿಪ್ಸ್ ಪೊಟ್ಟಣ ಒಯ್ಯುವ ಪೇಟೆ ಮಕ್ಕಳಲ್ಲೂ ರಕ್ತ ಕಡಿಮೆ ಇರುವುದನ್ನು ನಾನು ನೋಡುತ್ತಲೇ ಇದ್ದೇನೆ.

ಬಿಟ್ಟಿ ಊಟ ಅನ್ನುವ ಮಾತು ಮಾತ್ರ ಮನೆಯಲ್ಲಿ ಮಕ್ಕಳ ಮುಂದೆ ಬೇಡ. ನಾಯಕನಹಟ್ಟಿ ಜಾತ್ರೆಯಲ್ಲಿ ಸಾಲಾಗಿ ಕೂತು ದಾಸೋಹದ ಊಟ ಮಾಡಲು ನಾವು ಯಾರೂ ನಾಚುವುದಿಲ್ಲ. ಇದಂತೂ ಕಾನೂನಿನ ಪ್ರಕಾರ ಮಗುವಿನ ಹಕ್ಕು. 1995ರಲ್ಲಿ ಕೇಂದ್ರದ ಯೋಜನೆ ಶುರುವಾದಾಗ ಹಾಜರಾತಿ ಶೇ 80 ಇದ್ದ ಮಗುವಿಗೆ ತಿಂಗಳಿಗೆ ಮೂರು ಕೆಜಿ ಧಾನ್ಯ ಕೊಡುವ ಕ್ರಮ ಇತ್ತು. ಅದು ಮನೆಗೆ ಹೋಗಿ ಎಲ್ಲರ ಹಂಡೆಗೆ ಸೇರುತ್ತಿತ್ತು, ಆ ಮಗುವಿಗೆ ಎಷ್ಟು ಸಿಕ್ಕಿತು ಅಂತ ಹೇಳುವವರಿರಲಿಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಿ ಅಂತ ಆದೇಶಿಸಿತು. ನಮ್ಮಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಅನ್ನುವ ಹೆಸರಿನಲ್ಲಿ ಬಿಸಿಯೂಟ ಶುರುವಾಗಿ ಆಮೇಲೆ ನಮ್ಮ ಕಡೆಗೂ ಬಂತು. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಹಕ್ಕು ಮಾಡಿತು. ಎಲ್ಲಾ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ, ಯಾರೇ ಅಡುಗೆ ಮಾಡಿದ್ದರೂ, ಕೂತು ಉಣ್ಣುತ್ತಾರಲ್ಲ, ಅದೂ ಒಂದು ಪಾಠವೇ. ಕೆಲವು ಊರುಗಳಲ್ಲಿ ಅಡುಗೆಯಮ್ಮನ ಜಾತಿ ಕೇಳಿ ಮಕ್ಕಳನ್ನು ಎಬ್ಬಿಸಿಕೊಂಡು ಹೋದವರಿದ್ದಾರೆ. ಅವರು ಮಕ್ಕಳಿಗೆ ಕಲಿಸಿದ್ದು ಏನು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಹೆಣ್ಣುಮಕ್ಕಳ ತಾಯಿಗೆ ಇನ್ನೊಂದು ವಿಷಯ ಹೇಳಲೇಬೇಕು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಊಟ ಸಿಕ್ಕ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರ ಹೇಗಿದೆ ಅಂತ 2021ರಲ್ಲಿ ಒಂದು ಅಧ್ಯಯನ ನೋಡಿತು. ಅವರ ಮಕ್ಕಳಲ್ಲಿ ಕುಳ್ಳಾಗಿ ಉಳಿಯುವುದು ಕಡಿಮೆ ಇತ್ತು. ಊಟ ಒಂದೇ ಕಾರಣ ಅಂತ ಇದರರ್ಥ ಅಲ್ಲ. ಆ ಹುಡುಗಿಯರು ಹೆಚ್ಚು ವರ್ಷ ಓದಿದ್ದರು, ತಡವಾಗಿ ತಾಯಂದಿರಾಗಿದ್ದರು, ಹೆರಿಗೆಗೆ ಆಸ್ಪತ್ರೆಗೆ ಹೋಗಿದ್ದರು. ಇವೆಲ್ಲ ಒಂದರ ಕೈ ಒಂದು ಹಿಡಿದು ಬರುತ್ತವೆ. ಬೇಗ ಮದುವೆ ಮಾಡಿಬಿಡುವ ಅಭ್ಯಾಸ ಇನ್ನೂ ಪೂರ್ತಿ ಹೋಗಿರದ ನಮ್ಮ ಸೀಮೆಯಲ್ಲಿ, ಹುಡುಗಿಯನ್ನು ಶಾಲೆಯಲ್ಲಿ ಉಳಿಸುವ ಏನೇ ಆಗಲಿ, ನನಗೆ ಅದು ಬಹಳ ದೊಡ್ಡದು.

ಇಷ್ಟೆಲ್ಲ ಲಾಭ ಕಾಗದದ ಮೇಲಿನ ಊಟಕ್ಕಲ್ಲ, ತಟ್ಟೆಗೆ ಬಿದ್ದ ಊಟಕ್ಕೆ. ಅದಕ್ಕೇ ತಿಂಗಳಿಗೊಮ್ಮೆಯಾದರೂ ಊಟದ ಹೊತ್ತಿಗೆ ಶಾಲೆಗೆ ಹೋಗಿ ಬನ್ನಿ. ಸಾಂಬಾರಿನ ಪಾತ್ರೆ ನೋಡಿ. ಬೇಳೆ ತಳಕ್ಕೆ ಇಳಿದಿರುತ್ತದೆ. ಸೌಟನ್ನು ತಳಕ್ಕೆ ಇಳಿಸದೆ ಮೇಲೆ ಮಾತ್ರ ಅದ್ದಿ ಬಡಿಸಿದರೆ ಮೊದಲು ಕೂತ ಒಂದನೇ ಕ್ಲಾಸಿನ ಪುಟಾಣಿಗಳಿಗೆ ಬರೀ ತಿಳಿನೀರು, ಕೊನೆಗೆ ಬಂದ ದೊಡ್ಡ ಮಕ್ಕಳಿಗೆ ಗಟ್ಟಿ ಬೇಳೆ. 20 ಗ್ರಾಂ ಬೇಳೆ ಹಾಕಿದ್ದು ನಿಜ, ನಿಮ್ಮ ಮಗನಿಗೆ ಸಿಕ್ಕಿದ್ದು ಐದೇ ಗ್ರಾಂ ಇರಬಹುದು. ಪ್ರತಿ ಸಲ ತಳದಿಂದ ಕೆದಕಿ ಬಡಿಸಿ ಅಂತ ಅಡುಗೆಯವರಿಗೆ ಪ್ರೀತಿಯಿಂದ ಹೇಳಿ. ಅವರು ಬಹಳ ಕಡಿಮೆ ಗೌರವಧನಕ್ಕೆ ದಿನಾ ಹೊಗೆ, ಬಿಸಿ ತಿಂದು ದುಡಿಯುವ ನಮ್ಮೂರಿನ ಹೆಂಗಸರೇ. ಜಗಳ ಬೇಡ. ಮಕ್ಕಳು ತರಕಾರಿ ಹೋಳು ಆರಿಸಿ ತಟ್ಟೆ ಅಂಚಿಗೆ ಇಡುತ್ತಾರೆ, ಅದನ್ನೂ ನೋಡುತ್ತೀರಿ. ನುಗ್ಗೆಸೊಪ್ಪನ್ನು ಸಣ್ಣಗೆ ಹೆಚ್ಚಿ ಬೇಳೆಯಲ್ಲೇ ಬೇಯಿಸಿದರೆ ಆರಿಸಲು ಆಗುವುದಿಲ್ಲ. ಯಾರದ್ದಾದರೂ ಹಿತ್ತಲಿನಲ್ಲಿ ನುಗ್ಗೆ ಗಿಡ ಇದ್ದರೆ ಒಂದು ಕಟ್ಟು ಶಾಲೆಗೆ ಕೊಡಿ.

ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರು ಸೇರಿ ದೊಡ್ಡವರು ರುಚಿ ನೋಡಬೇಕು ಅಂತ ನಿಯಮವಿದೆ. ತಂದೆತಾಯಿಗೂ ಆ ಅವಕಾಶ ಇದೆ, ಕೇಳಿ ಪಡೆಯಿರಿ. ಇದು ಬರೀ ಶಾಸ್ತ್ರಕ್ಕಲ್ಲ. 2013ರ ಜುಲೈನಲ್ಲಿ ಬಿಹಾರದ ಒಂದು ಹಳ್ಳಿಯ ಶಾಲೆಯಲ್ಲಿ ಅಡುಗೆಗೆ ಕೀಟನಾಶಕ ಸೇರಿ 23 ಮಕ್ಕಳು ಸತ್ತರು. ನಮ್ಮದೂ ಶೇಂಗಾ, ಹತ್ತಿ, ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವ ಊರುಗಳು. ಔಷಧಿ ಡಬ್ಬ ಎಷ್ಟೇ ತೊಳೆದಿದ್ದರೂ ಶಾಲೆ ಅಡುಗೆಮನೆಗೂ ಬೇಡ, ನಿಮ್ಮ ಅಡುಗೆಮನೆಗೂ ಬೇಡ.

ಕೊನೆಗೆ ರಕ್ತಹೀನತೆ. ಅನ್ನ-ಸಾಂಬಾರು ಹೊಟ್ಟೆ ತುಂಬಿಸುತ್ತದೆ, ರಕ್ತ ಏರಿಸುವುದು ಅಷ್ಟಕ್ಕಷ್ಟೇ. ಮೊದಲು ಹೇಳಿದ ಆ ಶೇ 10 ಇದೇ. ಅದಕ್ಕೇ ಶಾಲೆಯಲ್ಲಿ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಊಟವಾದ ಮೇಲೆ ನುಂಗಬೇಕು. ಮಲ ಕಪ್ಪಗಾದರೆ ಹೆದರಬೇಡಿ, ಅದು ಕಬ್ಬಿಣದಿಂದ. ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಾರೆ, ಆ ದಿನ ಮಕ್ಕಳನ್ನು ಜಾತ್ರೆಗೋ ನೆಂಟರ ಮನೆಗೋ ಕರೆದೊಯ್ಯಬೇಡಿ. ಹೊಟ್ಟೆಯಲ್ಲಿ ಹುಳ ಇದ್ದರೆ ತಿಂದದ್ದರಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ. ಮನೆಯಲ್ಲಿ ಸೊಪ್ಪು, ಕಾಳಿನ ಸಾರಿಗೆ ಒಂದು ಹೋಳು ನಿಂಬೆಹಣ್ಣು ಹಿಂಡಿ ಕೊಡಿ, ಅವುಗಳಲ್ಲಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ.

ನಿಮ್ಮ ಇಬ್ಬರು ಮಕ್ಕಳನ್ನೂ ಒಮ್ಮೆ ಹಗಲು ಬೆಳಕಿನಲ್ಲಿ ಕೂರಿಸಿಕೊಂಡು ಕೆಳರೆಪ್ಪೆ ಎಳೆದು ಒಳಗೆ ನೋಡಿ. ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ, ಅಥವಾ ಮಗು ಬಳಪ, ಮಣ್ಣು, ಗೋಡೆ ಸುಣ್ಣ ತಿನ್ನುತ್ತಿದ್ದರೆ, ಅದನ್ನು ಚೇಷ್ಟೆ ಅಂತ ಹೊಡೆಯಬೇಡಿ. ರಕ್ತ ಕಡಿಮೆ ಇರುವ ಮಕ್ಕಳು ಹಾಗೆ ಮಾಡುತ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿನವರಿಗೆ 11.5ಕ್ಕಿಂತ ಕಡಿಮೆ ಬಂದರೆ ರಕ್ತಹೀನತೆ ಅಂತ ಲೆಕ್ಕ. ಆಗ ವಾರಕ್ಕೊಂದು ಮಾತ್ರೆ ಸಾಲದು, ವೈದ್ಯರು ಹೇಳಿದಷ್ಟು ದಿನ ದಿನಾ ಕಬ್ಬಿಣ ಕೊಡಬೇಕಾಗುತ್ತದೆ. ಶಾಲೆಗೆ ಆರೋಗ್ಯ ತಪಾಸಣೆ ತಂಡ ಬಂದಾಗ ಬರೆದ ತೂಕ, ಎತ್ತರವನ್ನೂ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಮತ್ತೆ ಬರೆಯಿರಿ. ವರ್ಷಕ್ಕೆ ಎರಡು ಕೆಜಿಯಾದರೂ ತೂಕ ಏರದಿದ್ದರೆ ಆ ನೋಟ್‌ಬುಕ್ ಹಿಡಿದುಕೊಂಡು ಮಕ್ಕಳ ವೈದ್ಯರನ್ನು ಕಾಣಿ.